ಜ್ಯಾಕ್ ಇಡುವ ಕಲ್ಲು

ಮೊದಲು ಕೇಳಿಸಿದ್ದು ಒಂದು ಸಣ್ಣ ಸದ್ದು. ಸುಸ್ ಎಂದು, ಒಲೆಯಿಂದ ಇಳಿಸಿದ ಕುಕ್ಕರು ಕಡೆಯ ಉಗಿ ಬಿಡುವ ಹಾಗೆ. ರಾತ್ರಿ ಹೊತ್ತಾಗಿತ್ತು. ಕಾರಿನ ಮೇಲೆ ಮಳೆ ಸುರಿಯುತ್ತಿತ್ತು, ತಗ್ಗು ಬಂದಲ್ಲಿ ನನ್ನ ಗಂಡ ಸುಭಾಸ ವೇಗ ತಗ್ಗಿಸಿದ್ದರು. ಆಗ ಕೇಳಿಸಿತು, ನಾನು ಕೂತ ಬದಿಯ ಹಿಂದಿನ ಗಾಲಿಯಿಂದ.

"ಏನೋ ಸಪ್ಪಳ ಬರಾಕತ್ತೈತಿ," ಎಂದೆ.

"ನಿನಗ ಗಾಡಿ ಬಂದ್ ಇದ್ರೂ ಸಪ್ಪಳ ಕೇಳಸ್ತಾವ ಬಿಡು," ಎಂದು ಇವರು ನಕ್ಕರು.

ಆ ನಗು ಮುಗಿಯುವಷ್ಟರಲ್ಲಿ ಗಾಡಿ ಎಡಕ್ಕೆ ಎಳೆಯತೊಡಗಿತು. ನವಲಗುಂದದಲ್ಲಿ ನಾದಿನಿಯ ಮಗುವನ್ನು ತೊಟ್ಟಿಲಿಗೆ ಹಾಕಿ ಅಣ್ಣಿಗೇರಿಗೆ ಹಿಂತಿರುಗುತ್ತಿದ್ದೆವು. ಎರಡೂ ಕಡೆ ಎರೆ ಹೊಲ, ಕತ್ತಲು. ಅದೃಷ್ಟಕ್ಕೆ ಸ್ವಲ್ಪ ಮುಂದೆ ತಗಡಿನ ಚಪ್ಪರದ ಒಂದು ಚಹಾದ ಹೋಟೆಲಿನಲ್ಲಿ ದೀಪವಿತ್ತು. ಅದರ ಎದುರು ರಸ್ತೆಯಂಚಿಗೆ ಗಾಡಿ ನಿಲ್ಲಿಸಿ, ಒಳಗೆ ಓಡಿದೆವು.

ಒಳಗೆ ಮೂವರಿದ್ದರು. ಒಲೆಯ ಮುಂದೆ ಹೋಟೆಲಿನ ಈರೇಶ. ಬೆಂಚಿನ ಮೇಲೆ ಸಲೀಮ್ ಎಂಬ ಟೆಂಪೊ ಚಾಲಕ, ಮಳೆ ನಿಲ್ಲಲೆಂದು ಕಾಯುತ್ತಿದ್ದವನು. ಒಲೆಯ ಬಿಸಿಗೆ ಅಂಟಿಕೊಂಡಂತೆ, ಗೋಣಿಚೀಲದ ಮೇಲೆ ಈರೇಶನ ತಾಯಿ ಮಲ್ಲಕ್ಕ. ಹಣೆಯ ತುಂಬ ವಿಭೂತಿ, ಹೊದ್ದ ಸೆರಗು.

"ಪಂಚರ್ ಏನ್ರಿ ಸಾಹೇಬ್ರ?" ಎಂದ ಸಲೀಮ್. "ಸ್ಟೆಪ್ನಿ ತಗೀರಿ, ನಾ ಹಾಕಿ ಕೊಡತೀನಿ."

"ಸ್ಟೆಪ್ನಿ ಇಲ್ಲೋ ಮಾರಾಯಾ. ಹೊಸಾ ಗಾಡಿ. ಕಿಟ್ ಕೊಟ್ಟಾರ."

"ಅಂದ್ರ?"

"ಒಂದು ಬಾಟ್ಲಿ, ಒಂದು ಹವಾ ಹಾಕೂ ಮಷಿನ್. ಬಾಟ್ಲ್ಯಾಗಿನ ಅಂಟು ಟೈರಿನೊಳಗ ಹೋಗಿ ತೂತು ಮುಚ್ಚತೈತಿ. ಮುಂದ ಊರಿಗೆ ಹೋಗಿ ಸರಿಯಾಗಿ ಪಂಚರ್ ತಗಸಿದ್ರಾತು."

"ಅಂದ್ರ ಟೈರಿಗೆ ಸಲೈನ್ ಹಚ್ಚತೀರಿ ಅನ್ರಿ!"

ಇವರಿಗೆ ಸ್ವಲ್ಪ ಚುಚ್ಚಿತು. ಕಿಟ್ ಸಾಕು ಎಂದು ಆರಿಸಿದವರು ಇವರೇ. ನಾನು ಆಗಲೂ ಬೇಡವೆಂದಿದ್ದೆ. "ಸ್ಟೆಪ್ನಿ ಅಂದ್ರ ಸುಮ್ಮನ ಭಾರಪಾ. ಡಿಕ್ಕಿ ತುಂಬ ಅದ ಕೂಡ್ರತೈತಿ. ಮಳ್ಯಾಗ ಕೆಸರಾಗ ಮೊಣಕಾಲೂರಿ ನಟ್ ಬಿಚ್ಚೂದು ಯಾರಿಗೆ ಬೇಕು?" ಎಂದರು ಇವರು.

"ಮೊಳಿ ಹೊಕ್ಕಿದ್ರ ನಿಮ್ಮ ಬಾಟ್ಲಿ ನಡೀತೈತ್ರಿ. ಟೈರು ಬಾಜೂಕ ಹರದಿದ್ರ? ಬಾಟ್ಲಿ ಹಿಡ್ಕೊಂಡು ಅಳತೀರೇನು? ನಮ್ಮ ಸ್ಟೆಪ್ನಿ ನೋಡ್ರಿ, ಮೊಳಿಯಿರ್ಲಿ, ಹರಕಿರ್ಲಿ, ಬಿಚ್ಚು, ಹಾಕು, ನಡಿ."

"ನಿನ್ನ ಸ್ಟೆಪ್ನಿ ಕಂಡೀನಿ ಬಿಡಲೇ," ಎಂದ ಈರೇಶ ಚಹಾ ಸೋಸುತ್ತ. "ನಿನ್ನ ತಲೀಗಿಂತ ನುಣ್ಣಗ ಐತಿ."

ಎಲ್ಲರೂ ನಕ್ಕೆವು. ಮಲ್ಲಕ್ಕ ಮಾತ್ರ ನಗಲಿಲ್ಲ. ಹೊರಗೆ ನಿಂತ ನಮ್ಮ ಗಾಡಿಯನ್ನೇ ನೋಡುತ್ತಿದ್ದಳು.

"ಜ್ಯಾಕ್ ಐತೇನಪಾ ಗಾಡ್ಯಾಗ?" ಎಂದು ಕೇಳಿದಳು.

"ಇಲ್ಲ ಅಜ್ಜಿ. ಗಾಲೀನ ಬಿಚ್ಚೂದಿಲ್ಲಂದ್ರ ಜ್ಯಾಕ್ ಯಾತಕ್ಕ?"

ಆಕೆ ಏನನ್ನೋ ಕಳೆದುಕೊಂಡವಳ ಹಾಗೆ ಕೈ ತೊಡೆಯ ಮೇಲಿಟ್ಟಳು.

"ಯವ್ವಾ, ಬಂದವರಿಗೆಲ್ಲ ಅದನ್ನ ಹೇಳಬ್ಯಾಡ," ಎಂದ ಈರೇಶ ಮೆಲ್ಲಗೆ.

"ಮಳಿ ನಿಲ್ಲೂ ಮಟಾ ಕುಂತು ಏನ ಮಾಡತಾರೋ? ಕೇಳ್ಲಿ." ತಗಡಿನ ಮೇಲೆ ಮಳೆ ಜೋರಾಯಿತು. ಆಕೆ ನಮ್ಮ ಕಡೆ ತಿರುಗಿ, ದನಿ ಏರಿಸದೆ ಹೇಳತೊಡಗಿದಳು. ಕೇಳಲು ನಾವೆಲ್ಲ ಮುಂದೆ ಬಾಗಬೇಕಾಯಿತು.

"ಈ ಹೋಟೆಲ್ ಇರಲಿಲ್ರಿ ಆವಾಗ... ಇಲ್ಲಿ ಏನೂ ಇರಲಿಲ್ಲ. ಎರಿ ಹೊಲ, ನಡುವ ರಸ್ತಾ, ಮ್ಯಾಲೆ ಮುಗಲು. ನನ್ನ ಹಿರೇಮಗ ಹನುಮೇಶ, ಈ ಈರೇಶನ ಅಣ್ಣ, ಟೆಂಪೊ ಹೊಡೀತಿದ್ದ. ಇಂಥಾದ ಮಳಿ, ಇಂಥಾದ ಹೊತ್ತು, ಹೆಸರುಕಾಳಿನ ಚೀಲ ಹೇರ್ಕೊಂಡು ಅಣ್ಣಿಗೇರಿ ಪ್ಯಾಟಿಗೆ ಹೊಂಟಾಂವ, ಇಲ್ಲೇ, ನಿಮ್ಮ ಗಾಡಿ ನಿಂತತಲ್ಲ, ಅಲ್ಲೇ ಪಂಚರ್ ಆತು. ಸ್ಟೆಪ್ನಿ ಇತ್ತು ಅವನ ಹಂತ್ಯಾಕ. ಜ್ಯಾಕ್ ಇತ್ತು, ನಟ್ ಬಿಚ್ಚೂ ಪಾನಾ ಇತ್ತು. ಏನ ಇರಲಿಲ್ಲ, ಹೇಳ್ರಿ ನೋಡೂಣು?..."

ಉತ್ತರವನ್ನೂ ತಾನೇ ಕೊಟ್ಟಳು.

"ಕಲ್ಲಿರಲಿಲ್ರಿ. ಜ್ಯಾಕಿನ ಬುಡಕ ಇಡಾಕ ಒಂದು ಕಲ್ಲು. ನಮ್ಮ ಎರಿ ಮಣ್ಣು ಬ್ಯಾಸಗ್ಯಾಗ ಕಬ್ಬಿಣ, ಮಳ್ಯಾಗ ಬೆಣ್ಣಿ. ಬೆಣ್ಣಿ ಮ್ಯಾಲೆ ಜ್ಯಾಕ್ ನಿಂದ್ರತೈತೇನು? ಮತ್ತ ಕಲ್ಲು ತರೂದಾದ್ರೂ ಎಲ್ಲಿಂದ? ಈ ಹೊಲದಾಗ ಹಕ್ಕಿ ಹೊಡೀಲಿಕ್ಕೆ ಸೈತ ಮಣ್ಣಿನ ಹೆಂಟಿ ಬೇಕು, ಹುಡುಕಿದ್ರೂ ಒಂದು ಹಳ್ಳು ಸಿಗೂದಿಲ್ಲ... ಅಂವ ಹಂಗ ಮಣ್ಣಿನ ಮ್ಯಾಲೆ ಜ್ಯಾಕ್ ಇಟ್ಟು ಎತ್ಯಾನ. ಗಾಲಿ ಬಿಚ್ಯಾನ. ಜ್ಯಾಕ್ ಒಂದೀಟು ವಾಲಿದಂಗ ಕಂಡಿರಬೇಕು, ತೆಳಗ ಹೊಕ್ಕು ಕೈಲೆ ಮಣ್ಣು ಒತ್ತಾಕ ಹೋಗ್ಯಾನ... ಗಾಡಿ ಇಳೀತು. ಅಷ್ಟ."

ಆಕೆ ಒಲೆಯೊಳಗಿನ ಕಟ್ಟಿಗೆಯನ್ನು ಸರಿಸಿದಳು. ಈರೇಶ ಬೆನ್ನು ತಿರುಗಿಸಿ ಕಪ್ಪು ತೊಳೆಯುತ್ತಿದ್ದ.

"ಮಣ್ಣು ಮಾಡಿದ ಮ್ಯಾಲೆ ನಾ ನಮ್ಮ ಬಚ್ಚಲದ ಕಲ್ಲು ಕಿತ್ತಸಿದೆ. ಇಬ್ರೂ ಮಕ್ಕಳನ್ನ ಕಾಲ ಮ್ಯಾಲೆ ಹಾಕ್ಕೊಂಡು ಎರದ ಕಲ್ಲು ಅದು, ಅಗಲಕ, ಸಪಾಟ. ಎತ್ತಿನ ಗಾಡ್ಯಾಗ ಹೇರಿಸಿ ತಂದು ರಸ್ತಾದ ಅಂಚಿಗೆ ಇಡಸಿದೆ. ಮಂದಿ ಏನಂದ್ರು ಗೊತ್ತೈತೇನು? ಹೆಸರು ಕೊರಸು ಅಂದ್ರು, ಕುಂಕುಮ ಹಚ್ಚು ಅಂದ್ರು. ನಾ ಒಲ್ಲೆ ಅಂದೆ. ಕುಂಕುಮ ಹಚ್ಚಿದ್ರ ದೇವರಾಗತಾನ, ಕೈ ಮುಗದು ದೂರ ಹೋಗತಾರ. ನನಗ ದೇವರು ಬೇಕಾಗಿದ್ದಿಲ್ಲ... ಮುಂದ ಮತ್ತ ಯಾವ ತಾಯಿ ಮಗನ ಜ್ಯಾಕೂ ಹುಗೀಬಾರದು, ಆ ಕಲ್ಲನ್ನ ಮುಟ್ಟಿ, ಎಳದು, ಬುಡಕಿಟ್ಟು, ಕೆಲಸ ಮಾಡ್ಕೊಂಡು ಹೋಗೂವರು ಬೇಕಾಗಿದ್ರು.

"ಬಂದ್ರು. ಬರಲಿಲ್ಲಂತೀರೇನು? ಈರೇಶ ಈ ಹೋಟೆಲ್ ಹಾಕಿದ್ದ ಆವಾಗ. ಒಂದಿನ ಒಬ್ಬ ಡ್ರೈವರ ಚಾ ಕುಡಿಯಾಕ ಬಂದು ಅಂತಾನ, 'ರಾತ್ರಿ ಇಲ್ಲೇ ಗಾಲಿ ಬದಲಿ ಮಾಡಿದೆವಜ್ಜಿ, ನಿಮ್ಮ ಹುಡುಗ ಭಾಳ ಶ್ಯಾಣ್ಯಾ ಅದಾನ, ಬ್ಯಾಟ್ರಿ ಹಿಡದು ನಿಂತಿದ್ದ' ಅಂತ. ಈರೇಶ ಆ ರಾತ್ರಿ ಊರಾಗಿದ್ದ. ಯಾವ ಹುಡುಗಪಾ, ಹ್ಯಾಂಗಿದ್ದ ಅಂದೆ. 'ನಾ ನಟ್ ಬಿಚ್ಚಿ ಬಿಚ್ಚಿ ಕೊಟ್ಟಂಗ ಟವೆಲಿನ ಚುಂಗಿಗೆ ಗಂಟು ಹಾಕ್ಕೊಂಡ, ಕೆಸರಾಗ ಕಳೀಬಾರದಂತ' ಅಂದ... ಯವ್ವಾ, ಆ ಗಂಟು ನಂದು! ಸಂತಿಗೆ ಕಳಸೂವಾಗ ಚಿಲ್ಲರ ಕಳೀಬ್ಯಾಡಂತ ನಾ ಕಟ್ಟಿ ಕಲಿಸಿದ್ದು.

"ಆಮ್ಯಾಲೆ ಭಾಳ ಮಂದಿ ಕಂಡ್ರು. ಹಿಂದು, ಮುಸಲರು, ಪರಊರವರು. ಎಲ್ಲಾರದೂ ಒಂದ ಮಾತು... ಜ್ಯಾಕ್ ಏರೂ ಮಟಾ ಯಾರೂ ಇರೂದಿಲ್ಲ, ಗಾಡಿ ಎದ್ದ ಕೂಡಲೇ ಬಾಜೂಕ ನಿಂತಿರತಾನ. ನೆಟ್ಟಗ ನಿಂತಿರತಾನ. ನಟ್ ಈಗ ಪೂರಾ ಬಿಗೀಬ್ಯಾಡ್ರಿ, ಗಾಲಿ ನೆಲಕ್ಕ ಹತ್ತಿದ ಮ್ಯಾಲೆ ಬಿಗೀರಿ ಅಂತಾನ. ಕಲ್ಲು ಇದ್ದಲ್ಲೆ ಇಡ್ರಿ ಅಂತಾನ. ನಾ ಬಂದವರನ್ನ ಕೇಳತಿದ್ದೆ, ಸೊರಗ್ಯಾನೇನು? ತೊಯ್ಸಿಕೊಂಡಾನೇನು? ಮಂದಿ ಮಗಾ ದುಡಿಯಾಕ ಹೋದ್ರ ಫೋನ್ ಮಾಡತಾನ. ನನ್ನ ಮಗನ ಸುದ್ದಿ ಹಿಂಗ ಬರ್ತಿತ್ತು, ಪಂಚರಾದವರ ಕಡಿಂದ.

"ಈಗ ಬಾಟ್ಲಿ ಗಾಡಿ ಬಂದಾವ. ಹವಾ ಹಾಕ್ಕೊಂತಾರ, ಹೋಗತಾರ. ಉಳದವರಿಗೆ ರಸ್ತಾ ಚೊಲೋ ಆಗೇತಿ, ಪಂಚರ್ ಆಗೂದ ಇಲ್ಲ. ಕಲ್ಲಿನ ಮ್ಯಾಲೆ ಹುಲ್ಲು ಬಂದೈತಿ. ಕೇಳಿದ್ರ ಎಲ್ಲಾರೂ ಯಾರೂ ಬರಲಿಲ್ಲಜ್ಜಿ ಅಂತಾರ..." ಆಕೆ ನನ್ನನ್ನೇ ನೋಡಿದಳು. "ಎಲ್ಲಿ ಹೋಗ್ಯಾನವಾ ಅಂವ? ಹೋಗೂ ಮಗ ಅಲ್ಲ. ಇಲ್ಲೇ ಅದಾನ. ಈಗೂ ಇಲ್ಲೇ ಅದಾನ. ಎಬಸೂವರ ಇಲ್ಲ."

ಸಲೀಮ್ ತಲೆಗೆ ಕಟ್ಟಿದ ವಸ್ತ್ರವನ್ನು ಸರಿಮಾಡಿಕೊಂಡ. ಇವರು ಗೌರವಕ್ಕೆ ತಲೆ ಆಡಿಸಿದರು. ನಂಬಿರಲಿಲ್ಲ, ಅದು ನನಗೆ ಗೊತ್ತಾಗುತ್ತದೆ. ಮಳೆ ತುಸು ತಗ್ಗಿತ್ತು. "ನಡಿ, ಹವಾ ಹಾಕ್ಕೊಂಡು ಹೋಗೂಣು," ಎಂದರು.

ಇವರು ಬಾಟಲಿಯನ್ನೂ ಮಷಿನನ್ನೂ ಗಾಲಿಯ ಬಳಿ ಇಟ್ಟು, ವೈರನ್ನು ಚುಚ್ಚಲು ಮುಂದಿನ ಬಾಗಿಲೊಳಗೆ ತಲೆ ಹಾಕಿದರು. ನಾನು ಮೊಬೈಲಿನ ಬೆಳಕು ಹಿಡಿದು ಹಿಂದಿನ ಗಾಲಿಯ ಬಳಿ ನಿಂತೆ.

ಗಾಡಿಯ ಅಡಿಯಿಂದ ಎರಡು ಪಾದಗಳು ಹೊರಗೆ ಚಾಚಿದ್ದವು.

ಬರಿಗಾಲು. ಹಿಮ್ಮಡಿಗಳು ಎರೆಮಣ್ಣಿನಲ್ಲಿ ಅರ್ಧ ಹೂತಿದ್ದವು. ಮಳೆ ಹನಿ ಬೆರಳುಗಳ ಮೇಲೆ ಬಿದ್ದು ಹರಿಯುತ್ತಿತ್ತು, ಬೆರಳು ಅಲುಗಲಿಲ್ಲ. ನಾನು ಕೂಗಲಿಲ್ಲ. ತಿರುಗಿ ಒಬ್ಬೊಬ್ಬರನ್ನೇ ನೋಡಿದೆ. ಇವರು ಬಾಗಿಲಲ್ಲಿ. ಸಲೀಮ್ ಬೆಂಚಿನ ಮೇಲೆ. ಈರೇಶ ಒಲೆಯ ಮುಂದೆ. ಎಲ್ಲರೂ ಇದ್ದಲ್ಲೇ ಇದ್ದರು. ಚಪ್ಪರದ ಕಂಬ ಹಿಡಿದು ಮಲ್ಲಕ್ಕ ಎದ್ದು ನಿಂತಿದ್ದಳು. ಅಲ್ಲಿಂದ ಆಕೆಗೆ ನಾನು ಕಾಣುತ್ತಿದ್ದೆ, ಗಾಡಿಯ ಅಡಿ ಕಾಣುತ್ತಿರಲಿಲ್ಲ.

ಗಾಡಿ ಎದ್ದ ಕೂಡಲೇ ಬಾಜೂಕ ನಿಂತಿರತಾನ, ಎಂದಿದ್ದಳು ಆಕೆ. ಏಳುವ ಮೊದಲು ಅವನೆಲ್ಲಿರುತ್ತಾನೆಂದು ಬಂದವರಾರೂ ಬಗ್ಗಿ ನೋಡಿರಲಿಲ್ಲ. ಬಾಟಲಿಯ ಗಾಡಿಗಳು ಬಂದವು, ಗಾಳಿ ತುಂಬಿಸಿಕೊಂಡವು, ಹೋದವು. ಯಾರೂ ಭಾರ ಎತ್ತಿರಲಿಲ್ಲ.

"ಏನ್ರಿ, ತಡೀರಿ," ಎಂದೆ. ನನ್ನ ದನಿ ನನಗೇ ಸಾಮಾನ್ಯವಾಗಿ ಕೇಳಿಸಿತು. "ಮೊಳಿ ಎಲ್ಲಿ ಹೊಕ್ಕೈತಿ ಮೊದ್ಲ ನೋಡ್ರಿ. ಬಾಜೂಕ ಹೊಕ್ಕಿದ್ರ ಕಿಟ್ ಹಿಡಿಯೂದಿಲ್ಲಂತ ಪುಸ್ತಕದಾಗ ಬರದಾರ. ಗಾಡಿ ಎತ್ತಿ ಗಾಲಿ ತಿರುಗಿಸಿ ನೋಡೂಣು. ಸಲೀಮ್, ನಿಮ್ಮ ಜ್ಯಾಕ್ ಕೊಡ್ರಿ."

"ಸ್ಟೆಪ್ನಿ ಇಲ್ಲ, ಏನಿಲ್ಲ, ಬರೇ ಜ್ಯಾಕೇನ್ರಿ ಅಕ್ಕಾರ?"

"ದಾನೇಶ್ವರಿ, ಹೊತ್ತಾಗೇತಿ. ಹಂಗ ಹಾಕಿದ್ರ ನಡೀತೈತಿ," ಎಂದರು ಇವರು.

"ಎತ್ತಿ ನೋಡದ ನಾ ಗಾಡ್ಯಾಗ ಕೂಡ್ರೂದಿಲ್ಲ."

ಇವರಿಗೆ ನನ್ನ ಹೆದರಿಕೆಗಳು ರೂಢಿ. ಇದೂ ಅವುಗಳಲ್ಲೊಂದು ಎಂದುಕೊಂಡು ಕೈ ಚೆಲ್ಲಿದರು. ಸಲೀಮ್ ಜ್ಯಾಕ್ ತಂದ. ಹುಲ್ಲು ಸರಿಸಿ ಕಲ್ಲನ್ನು ಎಳೆದ. ನಾನು ಬೆಳಕನ್ನು ಬೇಕೆಂದೇ ಕಲ್ಲಿನ ಮೇಲಷ್ಟೇ ಹಿಡಿದೆ. ಜ್ಯಾಕ್ ಕಿರ್ ಕಿರ್ ಎಂದು ಏರಿತು. ಕಲ್ಲು ಅಲುಗಲಿಲ್ಲ. ಗಾಲಿ ನೆಲ ಬಿಟ್ಟಿತು.

ಸಲೀಮ್ ಗಾಲಿ ತಿರುಗಿಸಿದ. ಇವರು ಬಗ್ಗಿ ಹುಡುಕಿದರು. ಆಗ ನನ್ನ ಎಡಗಡೆಯಿಂದ ಇನ್ನೊಂದು ಬೆಳಕು ಬಂತು. ಹಳದಿಯದು, ಹಳೆಯ ಬ್ಯಾಟರಿಯದು.

"ನಡೂಕ ಐತಿ ನೋಡ್ರಿ," ಎಂದಿತು ಒಂದು ಎಳೆಯ ದನಿ. "ಬಾಜೂಕ ಅಲ್ಲ. ಚಿಂತಿ ಬ್ಯಾಡ್ರಿ."

"ಹೌದೌದು, ಸಿಕ್ತು," ಎಂದರು ಇವರು ತಲೆ ಎತ್ತದೆ. ಸಲೀಮ್ ಅಥವಾ ಈರೇಶ ಎಂದುಕೊಂಡಿರಬೇಕು.

ಅವನು ಸೊರಗಿರಲಿಲ್ಲ. ತೊಯ್ದಿರಲಿಲ್ಲ. ನೆಟ್ಟಗೆ ನಿಂತಿದ್ದ, ಬಹಳ ಹೊತ್ತು ಮಲಗಿ ಎದ್ದವರು ನಿಲ್ಲುವ ಹಾಗೆ, ಭುಜ ಹಿಂದಕ್ಕೆ ಚಾಚಿ. ಹೆಗಲ ಮೇಲೆ ಟವೆಲು, ಅದರ ಚುಂಗಿಗೆ ಗಂಟು. ನಾನು ನೋಡುತ್ತಿರುವುದು ಅವನಿಗೆ ತಿಳಿದಿತ್ತು. ಮಷಿನ್ ಗುರ್ ಎಂದು ಗಾಳಿ ತುಂಬುವಷ್ಟೂ ಹೊತ್ತು ಅವನು ಚಪ್ಪರದ ಕಡೆ, ಕಂಬ ಹಿಡಿದು ನಿಂತ ಆ ಮುದುಕಿಯ ಕಡೆ ನೋಡುತ್ತಿದ್ದ.

ಗಾಳಿ ತುಂಬಿತು. ಸಲೀಮ್ ಜ್ಯಾಕ್ ಇಳಿಸಲು ಕೈ ಹಾಕಿದ.

"ಸರದು ನಿಂದ್ರಪಾ," ಎಂದೆ. "ದೂರ ನಿಂದ್ರು."

"ನಾ ದೂರ ಅದೀನ್ರಿ ಅಕ್ಕಾರ," ಎಂದ ಸಲೀಮ್.

ಗಾಡಿ ಇಳಿಯಿತು. ಎಡಗಡೆಯ ಬೆಳಕು ಆರಿತು. ನಾನು ನನ್ನ ಮೊಬೈಲಿನ ಬೆಳಕನ್ನು ಆರಿಸಿದೆ. ಮತ್ತೆ ನೆಲದ ಕಡೆ ನೋಡಲಿಲ್ಲ. ಕಲ್ಲನ್ನು ಇದ್ದಲ್ಲೇ ಇಡಿಸಿದೆ.

ಹೊರಡುವಾಗ ಮಲ್ಲಕ್ಕ ನನ್ನ ಮುಂಗೈ ಹಿಡಿದಳು. "ಬಂದಿದ್ನೇನವಾ?"

"ಬಂದಿದ್ದ."

"ಖರೇ ಹೇಳು. ಸೊರಗ್ಯಾನೇನು?"

"ಇಲ್ಲ ಅಜ್ಜಿ. ನೆಟ್ಟಗ ನಿಂತಿದ್ದ. ಬ್ಯಾಟ್ರಿ ಹಿಡದಿದ್ದ. ನಿಮ್ಮ ಕಡೇನ ನೋಡಾಕತ್ತಿದ್ದ."

ಆಕೆ ಅಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಬಹಳ ಹೊತ್ತಿನ ಮೇಲೆ ತೆಗೆದಳು. "ನಾ ಹೇಳಲಿಲ್ಲ? ಸುಖದಿಂದ ಅದಾನ. ಮತ್ತ ಬರ್ರಿ ತಂಗಿ. ಬರೂವಾಗ ಜ್ಯಾಕ್ ತಗೊಂಡ ಬರ್ರಿ. ಅಂವ ಎಲ್ಲಿಗೂ ಹೋಗೂದಿಲ್ಲ."

ಗಾಡಿ ಹೊರಟಿತು. "ಏನಂದ್ಲು ಅಜ್ಜಿ?" ಎಂದು ಇವರು ಕೇಳಿದರು.

"ಏನಿಲ್ಲ. ಮತ್ತ ಬರ್ರಿ ಅಂದ್ಲು."

ಮಗ ನಿಂತಿದ್ದಾನೆಂಬ ಸುದ್ದಿ ಸಾಕು ಆಕೆಗೆ. ಅದು ಸುಳ್ಳೂ ಅಲ್ಲ. ನಿಲ್ಲುವ ಮೊದಲು ಅವನು ಎಲ್ಲಿದ್ದನೆಂಬುದನ್ನು ಆಕೆಗಾಗಲಿ, ಪಕ್ಕದಲ್ಲಿ ಸಮಾಧಾನವಾಗಿ ಗಾಡಿ ಓಡಿಸುತ್ತಿದ್ದ ಇವರಿಗಾಗಲಿ, ಯಾರಿಗೇ ಆಗಲಿ ಹೇಳಬಾರದೆಂದು, ಅಣ್ಣಿಗೇರಿಯ ದೀಪಗಳು ಕಾಣುವ ಮೊದಲೇ ತೀರ್ಮಾನಿಸಿದೆ.