ಹೊದಿಸಿ ಮುಚ್ಚಿದ ಬಾವಿ

ದೀಪ ಸ್ವಲ್ಪ ಸಣ್ಣದು ಮಾಡಿ... ಸಾಕು. ಇದು ಕಟ್ಟಿದ ಕತೆಯಲ್ಲ. ನಮ್ಮ ದೊಡ್ಡಪ್ಪನ ಮಗಳಿಗೆ ಆದದ್ದು.

ಅವತ್ತು ಅವಳು ಕಚೇರಿ ಬಿಡುವಾಗ ಬೀದಿಯ ಅಂಗಡಿಗಳೆಲ್ಲ ಬಾಗಿಲೆಳೆದಿದ್ದವು. ಜ್ವರ ಬಿಟ್ಟು ಕೆಲಸಕ್ಕೆ ಬಂದ ಮೊದಲ ದಿನ. ಮೇಜಿನ ಮೇಲೆ ಕಾದು ಕೂತಿದ್ದ ಕೆಲಸ ಮುಗಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಮನೆಗೆ ಹತ್ತಿರದ ದಾರಿ ಎಂದರೆ ಹಳೆಯ ಬಾವಿಯ ಪಕ್ಕದ್ದು. ಬಾವಿ ಎಂದರೆ ಕಣ್ಣಿಗೆ ಕಾಣುವ ಬಾವಿಯಲ್ಲ. ಮಣ್ಣಿನ ಅಡಿಯಲ್ಲಿರುವ ಬಾವಿ. ಆ ಜಾಗದ ಸುತ್ತ ತಗಡಿನ ಬೇಲಿ. ಬೇಲಿಯ ಮೇಲೆ, ಅಲ್ಲಿ ಏಳಲಿರುವ ಮಾರುಕಟ್ಟೆ ಕಟ್ಟಡದ ದೊಡ್ಡ ಚಿತ್ರ.

ಬೇಲಿಯ ಅರ್ಧ ದಾಟಿರಬೇಕು...

ಸರ್ರ್...

ನಿಂತಳು. ತಗಡು ಗಾಳಿಗೆ ಉಜ್ಜಿಕೊಂಡಿತೇನೋ ಅಂದುಕೊಂಡಳು. ಗಾಳಿಯೇ ಇರಲಿಲ್ಲ.

ಸರ್ರ್... ಸರ್ರ್... ಆಮೇಲೆ, ಡಬ್.

ಒದ್ದೆ ಹಗ್ಗ ಕಲ್ಲಿನ ಮೇಲೆ ಜಾರುವ ಸದ್ದು. ಕೊಡ ಯಾವುದಕ್ಕೋ ತಗಲುವ ಸದ್ದು. ನೀರಿಗೆ ಬಿದ್ದರೆ ಗುಳುಂ ಅನ್ನಬೇಕು. ಇದು ನೀರಿಗೆ ಬಿದ್ದ ಸದ್ದಾಗಿರಲಿಲ್ಲ.

ಅವಳು ಯಾರು, ಆ ಬಾವಿ ಯಾವುದು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಅವಳು ನಗರಸಭೆಯಲ್ಲಿ ಕೆಲಸಕ್ಕಿದ್ದಳು. ಊರಿನಲ್ಲಿ ಎಲ್ಲಿ ಪಾಯ ತೋಡಿದರೂ, ಎಲ್ಲಿ ಚರಂಡಿ ಅಗೆದರೂ ಮೊದಲು ಅವಳು ಗುಂಡಿಗೆ ಇಳಿಯಬೇಕು. ಹಳೆಯ ಕಾಲದ ಗೋಡೆಯೋ ನೆಲಗಟ್ಟೋ ಸಿಕ್ಕಿದರೆ ಕೆಲಸ ನಿಲ್ಲಿಸಿ, ಅದನ್ನು ಉಳಿಸುವ ದಾರಿ ಹುಡುಕಬೇಕು. ಬಿದ್ದ ಒಂದೊಂದು ಇಟ್ಟಿಗೆಯನ್ನೂ ತಿರುಗಿಸಿ ನೋಡುತ್ತಾಳೆಂದು ಕೂಲಿಯವರು ಅವಳನ್ನು ಇಟ್ಟಿಗೆಯಮ್ಮ ಅನ್ನುತ್ತಿದ್ದರು. "ಇಟ್ಟಿಗೆಯಮ್ಮ ಬಂದ್ರು, ಇನ್ನು ನಾವು ಕೂತು ಬೀಡಿ ಸೇದಬಹುದು" ಎಂದು ಅವಳ ಎದುರೇ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಮಾರುಕಟ್ಟೆ ಕಟ್ಟಡದ ಎಂಜಿನಿಯರು ಅವಳ ಒಡಹುಟ್ಟಿದ ಅಣ್ಣ. ಅಪ್ಪ ಅಮ್ಮ ಹೋದ ಮೇಲೆ ಇವಳ ಜಡೆ ಹೆಣೆದು ಶಾಲೆಗೆ ಕಳಿಸಿದವನು ಅವನು.

ಪಾಯ ತೋಡುವಾಗ ಬಾವಿ ಸಿಕ್ಕಿತು. ಸುಟ್ಟ ಇಟ್ಟಿಗೆಯ ದುಂಡು ಬಾವಿ, ಮೇಲೆ ಬಾಯಿಯ ಸುತ್ತ ಕಲ್ಲಿನ ಬಳೆ. ಕಲ್ಲಿನ ಒಂದು ಬದಿಯಲ್ಲಿ ಹಗ್ಗ ಸವೆಸಿದ ಗೀರುಗಳು ಒತ್ತೊತ್ತಾಗಿದ್ದವು. ಎದುರು ಬದಿಯಲ್ಲಿ ಒಂದೇ ಒಂದು ಗೀರು, ಒಂಟಿಯಾಗಿ. ಸುದ್ದಿ ತಿಳಿದು ಬೀದಿಯವರೆಲ್ಲ ಬಂದು ಯಂತ್ರದ ಮುಂದೆ ಕೂತರು. ಮೂಲೆಮನೆ ಅಜ್ಜಿ ಮನೆಯಿಂದ ಕುರ್ಚಿ ತರಿಸಿಕೊಂಡು ಎಲ್ಲರಿಗಿಂತ ಮುಂದೆ ಕೂತಳು. ಇಟ್ಟಿಗೆಯಮ್ಮ ಅವಳ ಕೈ ಹಿಡಿದು ಇಳಿಸಿ ಆ ಒಂಟಿ ಗೀರು ತೋರಿಸಿದಳು.

"ಎಲ್ರೂ ಆ ಕಡೆ ನಿಂತು ಸೇದಿದಾರೆ ಅಜ್ಜಿ. ಒಬ್ಬಳು ಮಾತ್ರ ಈ ಕಡೆ."

"ಎಲ್ರ ಹತ್ರಾನೂ ಜಗಳ ಆಡ್ಕೊಂಡಿರ್ತಾಳೆ ಬಿಡು," ಅಂದಳು ಅಜ್ಜಿ. "ನನ್ನ ಹಾಗೆ."

ಜನ ಏಳಲಿಲ್ಲ. ಯಂತ್ರಗಳು ತುಕ್ಕು ಹಿಡಿಯುವಂತಾಯಿತು. ಆಗ ಅಣ್ಣ ತಂಗಿಗೆ ಹೇಳಿದ: "ಕಂಬಗಳನ್ನ ಬಾವಿ ಸುತ್ತ ಹಾಕ್ತೀವಿ. ಬಾವಿ ಮುಟ್ಟಲ್ಲ. ನೀನೇ ಹೋಗಿ ಮಾತಾಡು. ನಿನ್ನ ಮಾತು ಕೇಳ್ತಾರೆ."

ಅವಳು ಹೋಗಿ ಮಾತಾಡಿದಳು. ಇಂಥದ್ದನ್ನು ಉಳಿಸಲು ಅವಳ ಕೆಲಸದವರಲ್ಲಿ ಒಂದು ಪದ್ಧತಿ ಇದೆ. ಸಿಕ್ಕಿದ್ದರ ಮೇಲೆ ಬಟ್ಟೆ ಹೊದಿಸಿ, ಜರಡಿ ಹಿಡಿದ ಮರಳು ತುಂಬಿ ಮುಚ್ಚಿಬಿಡುವುದು. ಮಣ್ಣಿನಡಿ ಅದು ಕೆಡದೆ ಇರುತ್ತದೆ. ಮೊಮ್ಮಕ್ಕಳ ಕಾಲದಲ್ಲಿ ತೆಗೆದರೂ ಇಟ್ಟ ಹಾಗೇ ಇರುತ್ತದೆ.

"ನಾನು ಮಾತು ಕೊಡ್ತೀನಿ ಅಜ್ಜಿ."

ಅಜ್ಜಿ ಅವಳ ಮುಖವನ್ನೇ ನೋಡಿದಳು. "ಅವರು ಹೇಳಿದ್ರೆ ಏಳ್ತಿರಲಿಲ್ಲ. ನೀನು ಹೇಳ್ತಿದೀಯ," ಎಂದು ಮಂಡಿಯ ಮೇಲೆ ಕೈಯೂರಿ ಎದ್ದಳು. ಅವಳು ಎದ್ದಳೆಂದು ಎಲ್ಲರೂ ಎದ್ದರು.

ಬಟ್ಟೆಯನ್ನು ಇಟ್ಟಿಗೆಯಮ್ಮನೇ ಹೊದಿಸಿದಳು. ಮಲಗಿದ ಮಗುವಿಗೆ ಹೊದಿಸಿದ ಹಾಗೆ, ಅಂಚನ್ನೆಲ್ಲ ಒಳಗೆ ಸೇರಿಸಿ. ಮರಳು ತುಂಬುವಾಗ ನಿಂತೇ ಇದ್ದಳು. ಸುತ್ತ ಗೂಟ ನೆಟ್ಟು ಕೆಂಪು ಪಟ್ಟಿ ಬಿಗಿದಳು. ಪಟ್ಟಿಯೊಳಗೆ ಯಂತ್ರ ಬರಕೂಡದು ಎಂದರ್ಥ. ಅದಾಗಿ ಎರಡು ದಿನಕ್ಕೆ ಜ್ವರ ಬಂತು. "ಮಲಗು. ನಾನಿದ್ದೀನಲ್ಲ," ಎಂದು ಅಣ್ಣ ತನ್ನ ಮನೆಗೆ ಕರೆದೊಯ್ದು, ಹಣೆಗೆ ಒದ್ದೆ ಬಟ್ಟೆ ಹಾಕಿದ. ಕಂಬಗಳಿಗೆ ನೆಲ ಕೊರೆದು ಕಾಂಕ್ರೀಟು ಸುರಿಯುವ ಕೆಲಸ ನಡೆದದ್ದು ಅದೇ ದಿನಗಳಲ್ಲಿ.

ಈಗ ಬೇಲಿಯ ಹತ್ತಿರಕ್ಕೆ ಬನ್ನಿ.

ಸರ್ರ್... ಡಬ್. ಸರ್ರ್... ಡಬ್.

ಬೇಲಿಯ ಸಣ್ಣ ಬಾಗಿಲಿನ ಬೀಗದ ಕೈ ಅವಳ ಹತ್ತಿರವೂ ಒಂದಿತ್ತು. ತೆಗೆದು ಒಳಗೆ ಕಾಲಿಟ್ಟಳು. ಕೆಂಪು ಪಟ್ಟಿಯ ಆಚೆ ಒಬ್ಬ ಹೆಂಗಸು ಬೆನ್ನು ಮಾಡಿ ನಿಂತಿದ್ದಳು. ಬಗ್ಗುತ್ತಿದ್ದಳು... ಏಳುತ್ತಿದ್ದಳು. ಕೂಲಿಯವರ ಪೈಕಿ ಯಾರೋ ಇರಬೇಕು ಅಂದುಕೊಂಡಳು.

"ಯಾರಮ್ಮ ಅದು? ಇಷ್ಟು ಹೊತ್ತಲ್ಲಿ ಏನ್ ಮಾಡ್ತಿದೀರಿ?"

"ನೀರು ಸೇದ್ತಿದೀನಿ." ಪಿಸುಮಾತು. ಆದರೆ ಕಿವಿಯ ಪಕ್ಕದಲ್ಲೇ ಆಡಿದ ಹಾಗೆ.

"ಬಾವಿ... ಮುಚ್ಚಿದೆಯಲ್ಲ."

"ನೀನೇ ಹೊದಿಸಿದ್ದಲ್ವಾ ತಂಗಿ. ಬೆಚ್ಚಗಿತ್ತು."

"ಇತ್ತಾ?"

"ಈಗ ಹಗ್ಗ ಇಳೀತಿಲ್ಲ. ಏನೋ ಅಡ್ಡ ಇದೆ."

ಹೆಂಗಸು ಹಗ್ಗ ಮೇಲೆಳೆದಳು. ಹಗ್ಗದ ತುದಿ ಅವಳ ಕೈಯಲ್ಲಿ ತೂಗಾಡಿತು. ಕೊಡ ಇರಲಿಲ್ಲ. ಬೂದಿ ಬಣ್ಣದ್ದೇನೋ ಮುದ್ದೆಯಾಗಿ ಮೆತ್ತಿತ್ತು. ಹಸಿ ಕಾಂಕ್ರೀಟಿನ ವಾಸನೆ ಇಟ್ಟಿಗೆಯಮ್ಮನಿಗೆ ಹೊಸದೇ? ಅದೇ ವಾಸನೆ.

"ಮಾತು ಕೊಟ್ಟವಳು ನೀನೇ ತಾನೆ?" ಅಂದಳು ಹೆಂಗಸು. ಕೋಪವಿರಲಿಲ್ಲ. ಗುರುತು ಹಿಡಿಯಲು ಕೇಳಿದ ಹಾಗಿತ್ತು.

ಮೊಬೈಲಿನ ಬೆಳಕು ಹಾಕುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

ನಾನಾಗಿದ್ದರೆ ಓಡಿಬಿಡುತ್ತಿದ್ದೆ. ಅವಳು ಓಡಲಿಲ್ಲ. ಚೀಲದಿಂದ ಅಳತೆಯ ಟೇಪು ತೆಗೆದಳು. ಬೇಲಿಯ ಮೂಲೆಯ ಕಲ್ಲುಕಂಬದಿಂದ ಗೂಟದವರೆಗೆ ಎಳೆದಳು. ತಾನು ಗೂಟ ನೆಟ್ಟಾಗ ಬರೆದಿಟ್ಟ ಅಳತೆಗಿಂತ ಕಡಿಮೆ ಬಂತು. ಮತ್ತೆ ಎಳೆದಳು. ಒಂದು ಮಾರಿಗೂ ಮಿಕ್ಕಿ ಕಡಿಮೆ. ಒಂದು ಗೂಟವಲ್ಲ, ಅಷ್ಟೂ ಗೂಟಗಳನ್ನು ಕಿತ್ತು ಒಂದೇ ಕಡೆಗೆ ಸರಿಸಿ ನೆಟ್ಟಿದ್ದರು. ನೋಡುವವರಿಗೆ ಪಟ್ಟಿ ಬಿಗಿಯಾಗೇ ಇದೆ, ಹೊಸ ಕಂಬ ಪಟ್ಟಿಯ ಆಚೆಗೇ ಇದೆ. ಆದರೆ ಬಾವಿ ಇದ್ದಲ್ಲೇ ಇತ್ತು. ಕಂಬ ಇಳಿದದ್ದು ಅದರ ನಡುಮಧ್ಯಕ್ಕೆ.

ಬೆಳಕನ್ನು ಪಟ್ಟಿಯ ಗಂಟಿಗೆ ಹಿಡಿದಳು. ಅಲ್ಲಿಯವರೆಗೆ ಅವಳಿಗೆ ಹೆದರಿಕೆ ಆಗಿರಲಿಲ್ಲವಂತೆ. ಆ ಗಂಟು ಕಂಡಾಗ ಆಯಿತು.

ಅವರ ಅಪ್ಪ ಲಾರಿ ಹೊಡೆಯುತ್ತಿದ್ದರು. ಹೊರೆ ಬಿಗಿಯಲು ಅವರದ್ದೇ ಒಂದು ಗಂಟಿತ್ತು. ಎಳೆದಷ್ಟೂ ಬಿಗಿಯುತ್ತದೆ, ಬಾಲ ಹಿಡಿದು ಒಮ್ಮೆ ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ. ಮಂಚದ ಕಾಲಿಗೆ ಕಟ್ಟಿಸಿ ಕಟ್ಟಿಸಿ ಇಬ್ಬರು ಮಕ್ಕಳಿಗೂ ಕಲಿಸಿದ್ದರು. ಬೇರೆ ಯಾರಿಗೂ ಬರುತ್ತಿರಲಿಲ್ಲ. ಇವಳು ಬಾಲವನ್ನು ಸದಾ ಒಳಗೆ ಸಿಕ್ಕಿಸುತ್ತಿದ್ದಳು. ಇಲ್ಲಿ ಬಾಲ ಹೊರಗಿತ್ತು.

ನೇರ ಅಣ್ಣನ ಮನೆಗೆ ಹೋದಳು. ಅತ್ತಿಗೆ ಬಾಗಿಲು ತೆಗೆದಳು. ಅಣ್ಣ ಎದ್ದು ಬಂದ.

"ಗೂಟ ಯಾರು ಸರಿಸಿದ್ದು?"

"ಇದನ್ನ ಕೇಳೋಕೆ ಈಗ ಬಂದ್ಯಾ? ಮೈ ಇನ್ನೂ ಬಿಸಿ ಇರಬೇಕು ನಿಂಗೆ. ಕೂತ್ಕೋ."

"ಗಂಟು ಅಪ್ಪಂದು ಅಣ್ಣ."

ಗೋಡೆಯ ಗಡಿಯಾರ ಟಿಕ್... ಟಿಕ್... ಅನ್ನುತ್ತಿತ್ತು. ಅವನು ತಾನೇ ಕೂತ.

"ಕಂಬ ಆಚೆ ಹಾಕಿದ್ರೆ ಗಾಡಿ ಇಳಿಯೋ ದಾರಿ ಕಿರಿದಾಗ್ತಿತ್ತು ಕಣೇ. ಮೇಲಿನವರು ಒಪ್ಪಲಿಲ್ಲ. ಎಲ್ಲಾ ಮರಳಿನ ಕೆಳಗೆ. ಯಾರಿಗೆ ಕಾಣ್ಸುತ್ತೆ?"

"ನಾನು ಅಜ್ಜಿಗೆ ಮಾತು ಕೊಡೋಕ್ಕಿಂತ ಮುಂಚೆ ಗೊತ್ತಿತ್ತಾ ನಿಂಗೆ?"

ಅವನು ಅತ್ತಿಗೆಗೆ ಒಳಗೆ ಹೋಗುವಂತೆ ಸನ್ನೆ ಮಾಡಿದ.

"ಹೇಳಣ್ಣ."

"ನೀನು ಹೇಳಿದ್ರೆ ಏಳ್ತಾರೆ ಅಂತ ಗೊತ್ತಿತ್ತು. ಪೊಲೀಸರನ್ನ ಕರೆಸಿ ಎಬ್ಬಿಸೋದಕ್ಕಿಂತ ಅದು ವಾಸಿ ಅಲ್ವೇನೇ?"

"ಜ್ವರದಲ್ಲಿ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ಯಲ್ಲ... ಅದೂ ಇದಕ್ಕೇನಾ?"

"ಅದು ಸುಳ್ಳಲ್ಲ. ಅಪ್ಪನ ಆಣೆ, ಅದು ಸುಳ್ಳಲ್ಲ."

"ಗೊತ್ತು," ಅಂದಳು ಅವಳು. "ಸುಳ್ಳಾಗಿದ್ದಿದ್ರೆ ಚೆನ್ನಾಗಿರ್ತಿತ್ತು."

ಬೆಳಗಾಗುತ್ತಲೇ ಮೂಲೆಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೆಂಗಸಿನ ವಿಷಯ ಒಂದನ್ನು ಬಿಟ್ಟು. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಟೀ ಕುಡೀತೀಯಾ?" ಅಂದಳು. ಕೊಟ್ಟಳು. ಕುಡಿದು ಮುಗಿಸುವ ತನಕ ಎದುರಿಗೇ ಕೂತಿದ್ದಳು. ಆಮೇಲೆ ಲೋಟ ಈಸಿಕೊಳ್ಳುತ್ತಾ, "ನಿನ್ನ ಮೇಲೆ ಸಿಟ್ಟಿಲ್ಲ ಮಗಳೇ. ಆದ್ರೆ ಇನ್ಮೇಲೆ ಏಳಿ ಅಂತ ಯಾರಿಗೂ ಹೇಳೋಕೆ ಹೋಗ್ಬೇಡ," ಅಂದಳು.

ಅವಳು ದೂರು ಕೊಟ್ಟಳು. ಸ್ವಂತ ಅಣ್ಣನ ಮೇಲೆ. ಮರಳು ತೆಗೆಸಿ ನೋಡಿದರು. ಕಲ್ಲಿನ ಬಳೆ ಮೂರು ಹೋಳಾಗಿತ್ತು. ಅವಳು ಹೊದಿಸಿದ ಬಟ್ಟೆ ಕಂಬಕ್ಕೆ ಅಂಟಿ ಗಟ್ಟಿಯಾಗಿತ್ತು. ಕೆಲಸ ಕೆಲವು ತಿಂಗಳು ನಿಂತಿತು, ಅಣ್ಣನ ಕೆಲಸ ಹೋಯಿತು. ಆದರೆ ಇಳಿದ ಕಂಬವನ್ನು ಕೀಳುವುದುಂಟೇ? ಕಟ್ಟಡ ಎದ್ದಿತು. ಈಗ ನೀವೂ ಅಲ್ಲಿಗೆ ಸಾಮಾನು ತರಲು ಹೋಗುತ್ತೀರಿ. ಇಟ್ಟಿಗೆಯಮ್ಮ ಆ ಕೆಲಸ ಬಿಟ್ಟು ಬೇರೆ ಊರು ಸೇರಿದಳು. ಇದನ್ನೆಲ್ಲ ನನಗೆ ಹೇಳಿದವಳು ಅವಳೇ. ಒಮ್ಮೆ ಮಾತ್ರ. ಎರಡನೆಯ ಸಲ ಕೇಳಲು ಈಗ ಅವಳಿಲ್ಲ.

ಅವಳಿಗೆ ಜ್ವರದ ಅಮಲು, ಕಂಡದ್ದೆಲ್ಲ ಭ್ರಮೆ ಅನ್ನುವವರಿದ್ದಾರೆ. ಅನ್ನಲಿ. ನಾನು ಕಂಡದ್ದನ್ನು ಹೇಳಿ ಮುಗಿಸುತ್ತೇನೆ.

ಹೋದ ವರ್ಷ, ಅವಳು ತೀರಿಕೊಂಡ ಸುದ್ದಿ ತಿಳಿಸಲು ಅವಳ ಅಣ್ಣನ ಮನೆಗೆ ಹೋದೆ. ಅಣ್ಣ ತಂಗಿಗೆ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಅವನು ಕೇಳಿಸಿಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬಸ್ಸಿರಲಿಲ್ಲ, ರಾತ್ರಿ ಅಲ್ಲೇ ಉಳಿದೆ. ಅತ್ತಿಗೆ ನನಗೆ ಹಾಸಿಗೆ ಹಾಸಿ, ಮೆಲ್ಲಗೆ ಅಂದಳು:

"ಕುಡಿಯೋಕೆ ನೀರು ಈಗ್ಲೇ ತಗೊಂಡುಬಿಡು. ಬೆಳಿಗ್ಗೆ ಇರಲ್ಲ."

"ಯಾಕೆ, ಪಾತ್ರೆ ಸೋರುತ್ತಾ?"

"ಪಾತ್ರೆ ಬದಲಾಯಿಸಿದ್ವಿ. ಮನೇನೂ ಬದಲಾಯಿಸಿದ್ವಿ."

ನಾನು ನಕ್ಕೆ. ಅವಳು ನಗಲಿಲ್ಲ. "ಆ ಬಾವಿ ಒಡೆದಾಗಿನಿಂದ ಹೀಗೇ," ಅಂದಳು. ನನ್ನ ಎದುರೇ ಸ್ಟೀಲಿನ ದೊಡ್ಡ ಪಾತ್ರೆಯನ್ನು ಕಂಠದವರೆಗೆ ತುಂಬಿದಳು. ಮುಚ್ಚಳ ನಾನೇ ಹಾಕಿದೆ, ಒತ್ತಿ ಹಾಕಿದೆ. ಅಡುಗೆ ಮನೆಯ ಬಾಗಿಲಿಗೆ ಅಡ್ಡವಾಗಿ ನಾನೇ ಮಲಗಿದೆ. ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾರೂ ನನ್ನನ್ನು ದಾಟಿ ಒಳಗೆ ಹೋಗಲಿಲ್ಲ, ಯಾವ ಸದ್ದೂ ಆಗಲಿಲ್ಲ.

ಬೆಳಿಗ್ಗೆ ಮುಚ್ಚಳ ನಾನು ಒತ್ತಿದ ಹಾಗೇ ಇತ್ತು. ತೆಗೆಯಲು ಎರಡೂ ಕೈ ಬೇಕಾಯಿತು. ನೆಲದ ಮೇಲೆ ಹನಿ ನೀರಿರಲಿಲ್ಲ. ಒಳಗೆ ಕೈ ಹಾಕಿ ತಳದವರೆಗೆ ಸವರಿ ನೋಡಿದೆ... ಒಣಗಿತ್ತು.