ಎಮ್ಮೆ ಲೀಟರಿಗೆ ಎಷ್ಟು ಕೊಡುತ್ತೆ?

ಅಣ್ಣ ಆಗಿ ನಗ್ತೀಯಲ್ಲ ಕುಯಾ! ಯಾಕೆ ನಗ್ತೀಯ? ಕೆಟ್ಟಿಲ್ಲಪ್ಪಾ ಮೈಲೇಜ್ ಮೀಟರು, ಸರಿಯಾಗೇ ತೋರಿಸ್ತಿದೆ. ಲೀಟರಿಗೆ ಹದಿಮೂರು ಪಾಯಿಂಟ್ ಆರು. ಬೇಕಾದ್ರೆ ಕನ್ನಡಕ ಹಾಕ್ಕೊಂಡು ಇನ್ನೊಂದ್ಸಲ ನೋಡು. ಆರಲ್ಲ, ಏಳಲ್ಲ... ಹದಿಮೂರು! ಹೂಂ, ಇದೇ ಗಾಡಿ. ಏಳು ಸೀಟಿನ ಇದೇ ಎಮ್ಮೆ. ಹೆಸರಿಟ್ಟಿದ್ದು ನೀನೇ ತಾನೆ? ಎಷ್ಟು ಡೀಸೆಲ್ ಕುಡಿಸಿದ್ರೂ ಮತ್ತೆ ಬಂಕ್ ಕಡೆಗೇ ಮುಖ ಮಾಡತ್ತೆ ಅಂತಿದ್ದೆ. ನೋಡೀಗ! ತಂಗಿ ಕೈಗೆ ಬಂದ್ಮೇಲೆ ಎಮ್ಮೆ ಎಷ್ಟು ಸಂಭಾವಿತ ಆಗಿದೆ!

ಬೆಲ್ಟ್ ಹಾಕ್ಕೋ. ಯಾಕೆ, ವಿಮಾನದಲ್ಲಿ ಕಟ್ಕೊಂಡು ಕಟ್ಕೊಂಡು ಸಾಕಾಯ್ತಾ? ಹಾಕ್ಕೊಳ್ದಿದ್ರೆ ಇದು ದಾರಿಯುದ್ದಕ್ಕೂ ಕುಯ್ಯೋ ಅನ್ನತ್ತೆ. ನಾನಾಯ್ ಥರ. ಅಮ್ಮಂಗೆ ವಯಸ್ಸಾದ ಮೇಲೆ ಒಂದು ಮಾತು ಹೇಳಕ್ಕೆ ಹತ್ತು ಸಲ... ಹಾಂ, ಚೆನ್ನಾಗಿದ್ದಾಳೆ. ಏರ್‌ಪೋರ್ಟಿಗೆ ಬರ್ತೀನಿ ಅಂದ್ಲು, ನಾನೇ ಬೇಡ ಅಂದೆ. ಈ ಸೆಕೆ, ಈ ಟ್ರಾಫಿಕ್ಕು... ಕಾಯ್ತಿದ್ದಾಳೆ. ಎಲ್ಲಿಗೂ ಹೋಗಲ್ಲ, ಕಾಯ್ತಿದ್ದಾಳೆ.

ಬಿಳಿ ಶರ್ಟಾ? ಸೆಕೆಗೆ ಹಾಕ್ಕೊಂಡೆ ಮಾರಾಯ. ಎಲ್ಲಾದಕ್ಕೂ ಒಂದು ಕಾರಣ ಬೇಕಾ ನಿಂಗೆ?

ಹೆಂಗೆ ಹದಿಮೂರು ಬಂತು ಅಂತೀಯಾ? ಕಾಲು ಕುಯಾ, ಕಾಲು! ನಿನ್ ಥರ ಹಡಗಿನ ಇಂಜಿನ್ ರೂಮಲ್ಲಿ ನಿಂತವನ ಹಾಗೆ ಒದಿಯಲ್ಲ ನಾನು. ಆಕ್ಸಿಲರೇಟರ್ ಮೇಲೆ ಕಾಲಿಟ್ರೆ, ಅದರ ಕೆಳಗೆ ಮೊಟ್ಟೆ ಇದೆ ಅನ್ಕೊಂಡು ಇಡಬೇಕು. ಟೈರಿಗೆ ಗಾಳಿ ಸರಿಯಾಗಿ ಹೊಡೆಸಬೇಕು. ಮೇಲಿದ್ದ ಕ್ಯಾರಿಯರ್ ಬಿಚ್ಚಿಸ್ಬಿಟ್ಟೆ, ಸುಮ್ನೆ ಗಾಳಿಗೆ ಅಡ್ಡ. ಮತ್ತೆ ಎಂಬತ್ತು ದಾಟಲ್ಲ. ದಾಟೋದೇ ಇಲ್ಲ! ಕಂಪನಿಯವರು ಹೇಳೋ ಮೈಲೇಜು ಮದುವೆ ಮಾತುಕತೆ ಇದ್ದ ಹಾಗೆ, ಸಂಸಾರ ಶುರುವಾದ ಮೇಲೆ ತಾನೇ ಗೊತ್ತಾಗೋದು ಅಂತ ನೀನೇ ಹೇಳ್ತಿದ್ದೆ. ನೋಡು, ಸಂಸಾರ ಮಾಡಿ ತೋರಿಸಿದ್ದೀನಿ.

ಇಲ್ಲ ಇಲ್ಲ, ಸರಾಸರಿ ಸೊನ್ನೆ ಮಾಡೋ ಆ ಗುಂಡಿ ನಾನು ಒತ್ತೇ ಇಲ್ಲ. ಆಣೆಗೂ! ಹೋದ ಸಲ ಹಡಗಿಗೆ ಹೊರಡೋ ದಿನ ನೀನೇ ಒತ್ತಿ ಹೋದೆಯಲ್ಲ. "ಸೊನ್ನೆ ಮಾಡಿ ಕೊಡ್ತಿದ್ದೀನಿ ಬುನ್ಸೋ. ಹಡಗಲ್ಲಿ ಪಾಳಿ ಬದಲಾಗುವಾಗ ಹೀಗೇ ಕೊಡೋದು. ನಾನು ಬರೋವರೆಗೂ ಮುಟ್ಟಕೂಡದು. ಬಂದಾಗ ಗೊತ್ತಾಗತ್ತೆ ನೀನೆಂಥ ಡ್ರೈವರ್ ಅಂತ." ಬುನ್ಸೋ ಅಂತೆ. ಕೂದಲು ನೆರೆದ್ರೂ ನಾನು ಕೊನೇ ಕೂಸೇ ನಿಂಗೆ. ಮುಟ್ಟಿಲ್ಲ ಕುಯಾ. ಡೀಸೆಲ್ ಹಾಕಿಸಿದಾಗಲೂ ಮುಟ್ಟಿಲ್ಲ. ಅಣ್ಣ ಹೇಳಿದ ಮೇಲೆ ಮುಗೀತು.

...ಯಾಕೆ, ನಗು ನಿಲ್ಲಿಸ್ಬಿಟ್ಟೆ?

ಏನು ಲೆಕ್ಕ ಹಾಕ್ತಿದ್ದೀಯ ಮನಸ್ಸಲ್ಲೇ? ನಿನ್ನ ಮುಖ ಗೊತ್ತು ನಂಗೆ. ಹುಬ್ಬು ಹೀಗೆ ಹತ್ತಿರ ತಂದೆ ಅಂದ್ರೆ ಯಾವುದೋ ಪಂಪಿನ ಒಳಗೆ ಕೈ ಹಾಕಿದ್ದೀಯ ಅಂತ. ಬಿಡು ಈಗ. ಹಡಗಲ್ಲ ಇದು, ರಜಾದಲ್ಲಿ ಬಂದಿದ್ದೀಯ. ರೇಡಿಯೋ ಹಾಕ್ಲಾ? ಸೆಪ್ಟೆಂಬರ್ ಬಂತಲ್ಲ, ಆಗ್ಲೇ ಕ್ರಿಸ್ಮಸ್ ಹಾಡು ಶುರು ಹಚ್ಕೊಂಡಿದ್ದಾರೆ... ಬೇಡ, ಆರಿಸ್ತೀನಿ. ತಲೆನೋವು.

ಏನು? ಎಡ್ಸಾ ರಸ್ತೇಲಿ ಹದಿಮೂರು ಬರಲ್ವಾ? ಯಾಕೆ ಬರಲ್ಲ! ಈಗೆಲ್ಲ ಟ್ರಾಫಿಕ್ ಎಷ್ಟೋ ಕಮ್ಮಿ ಕುಯಾ. ಈಗ ನಿಂತಿರೋದು ಬೇರೆ ಮಾತು, ಇದು ಏರ್‌ಪೋರ್ಟ್ ಹತ್ರ, ಇಲ್ಲಿ ಯಾವಾಗ್ಲೂ ಹೀಗೇ. ಮನೆಯಿಂದ ಆಸ್ಪತ್ರೆ ದಾರಿ ಖಾಲಿ ಇರತ್ತೆ... ಬೆಳಗ್ಗೆ ಬೇಗ ಹೊರಡ್ತೀವಲ್ಲ. ಹೂಂ, ವಾರ ವಾರ. ಹೂಂ, ನಾನಾಯ್‌ಗೆ ಕೀಮೋ ಹಾಕಿಸ್ಕೊಂಡು ಬರೋದು. ಪಾರ್ಕಿಂಗ್‌ನಲ್ಲಾ? ಕಾಯ್ತೀನಿ ಮತ್ತೆ, ಇನ್ನೇನು ಮಾಡ್ಲಿ. ಎಸಿ ಹಾಕ್ಕೊಂಡೇ ಕೂತಿರ್ತೀನಿ, ಬೇಯೋಕಾಗತ್ತಾ?... ಇಂಜಿನ್ ಓಡ್ತಾ ನಿಂತಿದ್ರೆ ಮೈಲೇಜ್ ಬೀಳತ್ತಾ? ಹೌದಾ? ಹಾಗಿದ್ರೆ ನಾನು... ಎಸಿ ಹಾಕ್ಕೊಳ್ತಿರ್ಲಿಲ್ಲ ಅನ್ಸತ್ತೆ. ಕಿಟಕಿ ತೆಗೆದು ಕೂರ್ತಿದ್ದೆ. ಏನು ಕೋರ್ಟಲ್ಲಿ ಕೇಳಿದ ಹಾಗೆ ಕೇಳ್ತೀಯಪ್ಪ!

ಇರು, ಎಡಗಡೆಯಿಂದ ಒಬ್ಬ ನುಗ್ಗಿಸ್ತಿದ್ದಾನೆ. ಹೋಗಪ್ಪಾ ಹೋಗು, ಎಲ್ರಿಗಿಂತ ಮುಂಚೆ ತಲುಪ್ಕೋ.

ಆ ಸಿಂಗಪುರದ ಡಾಕ್ಟರ್ ವಿಷಯ ಹೇಳು ಅತ್ಲಾಗೆ. ವಿಡಿಯೋದಲ್ಲಿ ಏನೇನೋ ಹೇಳ್ತಿದ್ದೆ. ಹೊಸ ಔಷಧಿ, ಕೂದಲು ಉದುರಲ್ಲ, ಅದಕ್ಕೇ ಹಡಗಿಂದ ಬೇಗ ಇಳ್ಕೊಂಡು ಬರ್ತಿದ್ದೀನಿ, ನಾನಾಯ್‌ನ ಕರ್ಕೊಂಡು ಹೋಗೋದೇ ಸರಿ ಅಂತ. ಹೇಳು... ಯಾಕೆ ಹೇಳ್ತಿಲ್ಲ?

ತುಟಿ ಚಾಚಿ ಏನು ತೋರಿಸ್ತಿದ್ದೀಯ? ಓ... ಬೋರ್ಡಾ? ಹೌದು, ಮರಿಕಿನಾಕ್ಕೆ, ಮನೆಗೆ ಅದೇ ತಿರುವು. ಮಾತಾಡ್ತಾ ಮಾತಾಡ್ತಾ... ಮುಂದೆ ತಿರುಗಿಸ್ತೀನಿ ಬಿಡು. ಮುಂದೆ ಇನ್ನೊಂದಿದೆ.

ಇಲ್ಲ. ಇನ್ನೊಂದಿಲ್ಲ.

ಹೌದು ಕುಯಾ, ಇದು ದಕ್ಷಿಣದ ಹೈವೇನೇ. ಮನೆಗೆ ಹೋಗ್ತಿಲ್ಲ ನಾವು. ಅತಿಮೋನನ್‌ಗೆ. ನಾನಾಯ್ ಊರಿಗೆ, ತಿಯಾ ಪಾಸಿಂಗ್ ಮನೆಗೆ. ಚಿಕ್ಕಮ್ಮನ ಮನೇಲಿದ್ದಾಳೆ ನಾನಾಯ್. ನಿಂಗೆ ಅಲ್ಲಿಗೆ ಹೋಗಿ ಹೇಳೋಣ ಅಂತಿದ್ದೆ. ಆದ್ರೆ ನೀನು ಗಾಡಿ ಹತ್ತಿದವನೇ ಮೊದಲು ಏನು ನೋಡ್ಬೇಕು? ತಂಗಿ ಮುಖ ನೋಡಿದ್ಯಾ? ಇಲ್ಲ. ನಂಬರ್ ನೋಡಿದೆ! ನಾನೂ ಪೆದ್ದಿ, ಕುಂಬಳಕಾಯಿ ಕಳ್ಳ ಅನ್ನೋದ್ರೊಳಗೆ ಹೆಗಲು ಮುಟ್ಟಿಕೊಂಡೆ. ಕಾಲು ಅಂತೆ, ಗಾಳಿ ಅಂತೆ, ಕ್ಯಾರಿಯರ್ ಅಂತೆ.

ಈ ಎಮ್ಮೆ ಊರೊಳಗೆ ಯಾವತ್ತು ಏಳು ದಾಟಿದೆ? ನಿಂಗೂ ಗೊತ್ತು, ನಂಗೂ ಗೊತ್ತು. ಇದು ಹದಿಮೂರು ಕೊಡೋದು ಈ ರಸ್ತೇಲಿ ಮಾತ್ರ. ವಾರ ವಾರ ಇದೇ ರಸ್ತೆ, ಕುಯಾ. ಆಸ್ಪತ್ರೆಗಲ್ಲ. ಸಮುದ್ರಕ್ಕೆ.

ಒಂದೇ ಒಂದು ಸಲ ಹಾಕಿಸಿದ್ದು ಕೀಮೋ. ನೀನು ಹೋದ ಮೇಲಿನ ವಾರ. ಎರಡನೇ ಸಲಕ್ಕೆ ಹೊರಟಾಗ ನೀನು ಕೂತಿದ್ದೀಯಲ್ಲ, ಅದೇ ಸೀಟಲ್ಲಿ ಕೂತು ಅಂದ್ಲು, "ಆಸ್ಪತ್ರೆ ಕಡೆ ತಿರುಗಿಸಿದ್ರೆ ಸಿಗ್ನಲ್ಲಲ್ಲೇ ಇಳ್ದು ನಡ್ಕೊಂಡು ಹೋಗ್ತೀನಿ. ಊರಿಗೆ ತಿರುಗಿಸು." ನಾನು ಬೈದೆ. ಅತ್ತುಬಿಟ್ಟೆ. ಡಾಕ್ಟರ ಹತ್ರ ಓಡಿದೆ. ಅವರು ಏನಂದ್ರು ಗೊತ್ತಾ? ಹಾಕಿಸಿದ್ರೂ ಇನ್ನೊಂದು ಕ್ರಿಸ್ಮಸ್ ಕಾಣೋದು ಕಷ್ಟ, ಅವರಿಗೆ ಇಷ್ಟ ಇದ್ದ ಹಾಗೆ ಇರ್ಲಿ ಅಂದ್ರು.

ನಿಂಗೆ ಹೇಳ್ಬೇಡ ಅಂದವಳೂ ಅವಳೇ. "ಇಂಜಿನ್ ರೂಮಲ್ಲಿ ಇರೋನ ತಲೇಲಿ ಚಿಂತೆ ಹಾಕಬಾರದು. ಕೈ ಕಳ್ಕೋತಾನೆ. ಕಾಂಟ್ರಾಕ್ಟ್ ಮುಗಿಸ್ಲಿ." ನಿಮ್ಮಪ್ಪ ಹೀಗೇ ಒಂದು ಬೆರಳು ಕಳ್ಕೊಂಡಿದ್ದು ಅಂತ ಬೇರೆ! ನಿಂಗೆ ಗೊತ್ತಲ್ಲ ಅವಳ ಹಠ. ಕಳಿಸಿದ ದುಡ್ಡು ಹಾಗೇ ಇದೆ, ಅದರ ಮಾತು ಈಗ ಬೇಡ.

ವಿಡಿಯೋದಲ್ಲಾ? ಆ ತಲೆ ಬಟ್ಟೆ? ಅಯ್ಯೋ ಕುಯಾ... ಅದರೊಳಗೆ ಪೂರ್ತಿ ಕೂದಲಿತ್ತು! ಒಂದೆಳೆ ಉದುರಿರ್ಲಿಲ್ಲ. ನಿನ್ನ ಫೋನ್ ಬಂತು ಅಂದ್ರೆ ಸಾಕು, "ತಾರೇ ನನ್ನ ಕೀಮೋ ಬಟ್ಟೆ" ಅಂತಿದ್ಲು. ಸುತ್ತಿಕೊಂಡು ಮುಖ ಬಾಡಿಸಿಕೊಂಡು ಕೂರೋಳು. ಫೋನಿಟ್ಟ ಕೂಡ್ಲೇ ಕಿತ್ತೆಸೆದು, "ಸೆಕೆಗೇ ಸಾಯ್ತೀನಿ, ಕ್ಯಾನ್ಸರ್‌ಗಲ್ಲ" ಅಂತ ನಗೋಳು. ಹಿಂದೆ ಕೇಳ್ತಿದ್ದ ಸದ್ದು ಆಸ್ಪತ್ರೆ ಎಸಿದು ಅಂದೆನಲ್ಲ, ಅದು ಅಲೆ.

ನಗ್ತೀಯಾ? ಅಳ್ತೀಯಾ? ಆ ಕಡೆ ತಿರುಗ್ಬೇಡ, ನಂಗೆ ಕಾಣಲ್ಲ.

ಚೆನ್ನಾಗಿತ್ತು ಕುಯಾ, ಸುಳ್ಳು ಹೇಳಲ್ಲ. ಆ ಘಾಟಿ ರಸ್ತೆ ಇದೆಯಲ್ಲ, ಕೋಳಿ ಕರುಳು ಅಂತೀವಲ್ಲ, ಅಲ್ಲಿ ಪ್ರತಿ ತಿರುವಿಗೂ ನಂಗಿಂತ ಮುಂಚೆ ಅವಳೇ "ಪೀಪ್" ಅಂತ ಬಾಯಲ್ಲಿ ಹಾರ್ನ್ ಹೊಡೆಯೋಳು. ದಾರೀಲಿ ಎಲೆ ಸುತ್ತಿದ ಸುಮಾನ್ ಕಡುಬು ತಗೊಂಡು, ಎರಡು ತುತ್ತು ತಿಂದು, ಮಿಕ್ಕಿದ್ದನ್ನ ಹಿಂದಿನ ಸೀಟಿಗೆ ಇಡೋಳು, ನಿಂಗೆ ಅಂತ. ನಿಂಗೆ! ಸಮುದ್ರದ ಮಧ್ಯೆ ಇರೋನಿಗೆ! ಆಮೇಲೆ ನಾನೇ ತಿಂತಿದ್ದೆ. ಜೋರಾಗಿ ಓಡಿಸಿದ್ರೆ ಸೊಂಟಕ್ಕೆ ನೋವು ಬರೋದು ಅವಳಿಗೆ, ಅದಕ್ಕೇ ಎಂಬತ್ತು. ಮೈಲೇಜಿಗಲ್ಲ. ದಡದಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಕಿಟಕಿ ಇಳಿಸ್ಕೊಂಡು ಕೂರೋದು ಅಷ್ಟೆ. ದೊಡ್ಡ ಹಡಗು ಎಲ್ಲಿ ಕಂಡ್ರೂ ತುಟಿ ಚಾಚಿ ತೋರಿಸೋಳು, "ನೋಡೇ, ಅದ್ರಲ್ಲಿದ್ದಾನೆ." ನೀನು ಆಗ ಭೂಮಿಯ ಆ ಕಡೆ ಇದ್ದೆ. ಹೂಂ ನಾನಾಯ್, ಅದ್ರಲ್ಲೇ ಅಂತಿದ್ದೆ.

ಕೈ ಹಾಗೆ ಬೀಸ್ಬೇಡ ಕುಯಾ. ಜೋರಾಗಿ ಹೋಗು ಅಂತ ತಾನೆ? ಕಂಡೆ.

ಇಲ್ಲ, ಎಂಬತ್ತೇ. ಅಭ್ಯಾಸ... ಲೋಡ್ ಇದೆ ಹಿಂದೆ, ಎಳೆಯಲ್ಲ ಇವತ್ತು. ಏನಿಲ್ಲ, ಸಾಮಾನು. ಅದಕ್ಕೇ ನಿನ್ನ ಬ್ಯಾಗ್ ಹಿಂದಿನ ಸೀಟಿಗೆ ಹಾಕ್ಸಿದ್ದು, ಡಿಕ್ಕಿ ತುಂಬಿದೆ. ದಿವಿಸೋರಿಯಾ ಸಂತೇಲಿ ತಗೊಂಡೆ, ತಿಯಾ ಪಾಸಿಂಗ್ ಹೇಳಿದ್ಲು. ಬಿಸ್ಕತ್ತು, ಕಾಫಿ ಪುಡಿ... ನೀನು ಬಂದಿದ್ದೀಯ ಅಂದ್ರೆ ಊರೆಲ್ಲ ಬರ್ತಾರಲ್ಲ ನೋಡೋಕೆ. ಸಿಂಗಪುರ... ಹೂಂ. ಹೋಗೋಣ. ಕೇಳೋಣ ಡಾಕ್ಟರನ್ನ. ಈಗ್ಲೂ ಹೊತ್ತು ಮೀರಿಲ್ಲ ಅಂತೀಯಾ? ಹೂಂ... ಅನ್ನು. ಇನ್ನೊಂದು ಸ್ವಲ್ಪ ದೂರ ಅನ್ನು.

ಟೋಲ್ ಬಂತು. ಏ, ಏಳೋ ಗೇಟೇ, ಏಳು... ಅಯ್ಯೋ!

ಏನಾಗ್ಲಿಲ್ಲ, ಬ್ರೇಕ್ ಜೋರಾಯ್ತು. ನೀನು ಕೂತ್ಕೋ. ಸದ್ದಾ? ಏನೋ ಚೀಲ ಬಿಚ್ಚಿಕೊಂಡಿದೆ. ಚೆಲ್ಲಲಿ ಬಿಡು, ಆಮೇಲೆ ಗುಡಿಸ್ತೀನಿ. ಕುಯಾ, ಬೆಲ್ಟ್ ಯಾಕೆ ತೆಗೀತೀಯ? ಹಿಂದೆ ಬಗ್ಗಬೇಡ, ಗೇಟ್ ಎದ್ದಿದೆ, ಹೊರಟೆ ನಾನು. ಬಗ್ಗಬೇಡ ಅಂದ್ನಲ್ಲ!

...

ಕೈಯಲ್ಲಿರೋದನ್ನ ಕೆಳಗೆ ಹಾಕು.

ಹೌದು. ಕಲ್ಲಂಗಡಿ ಬೀಜ. ಹುರಿದದ್ದು, ಉಪ್ಪು ಹಾಕಿದ್ದು. ನಮ್ಮೂರಲ್ಲಿ ಅದನ್ನ ಚೀಲಗಟ್ಟಲೆ ಯಾವಾಗ ತರ್ತಾರೆ ಅಂತ ನಿಂಗೆ ನಾನು ಹೇಳ್ಬೇಕಾ? ಅಪ್ಪ ಹೋದಾಗ ತಂದವನು ನೀನೇ. ಹೆಣ ಕಾಯೋಕೆ ಬಂದವರ ಮುಂದೆ ತಟ್ಟೇಲಿ ಇಟ್ಟವಳು ನಾನು. ರಾತ್ರಿಯಿಡೀ ಟಿಕ್ ಟಿಕ್ ಅಂತ ಕಡೀತಾ ಕೂತಿದ್ರಲ್ಲ ಎಲ್ಲ...

ನಿನ್ನೆ. ನೀನು ವಿಮಾನ ಹತ್ತಿದ ಮೇಲೆ. ಫೋನ್ ಹೋಗ್ಲಿಲ್ಲ. ಆಮೇಲೆ ಹೋಗ್ತಿತ್ತೇನೋ, ನಾನು ಮಾಡ್ಲಿಲ್ಲ. ಅಷ್ಟು ದೂರ ಒಬ್ಬನೇ ಕೂತು ಬರ್ತಿದ್ದೀಯ, ಪಕ್ಕದಲ್ಲಿ ಗುರುತಿಲ್ಲದವರು... ಹೆಂಗೆ ಹೇಳ್ಲಿ?

ಎಂಬತ್ತು ಯಾಕೆ ದಾಟ್ಲಿಲ್ಲ ಅಂತ ಗೊತ್ತಾಯ್ತಾ ಈಗ? ಅವಸರ ಇಲ್ಲ ಕುಯಾ. ಯಾರಿಗೂ ಇಲ್ಲ. ನಾವು ತಲುಪೋವರೆಗಾದ್ರೂ ನಿಂಗೊಬ್ಳು ಅಮ್ಮ ಇರ್ಲಿ ಅಂತ ನಿಧಾನ ಬಿಟ್ಟೆ.

ಕೂದಲು ಬಾಚಿ ಮಲಗಿಸಿದ್ದೀವಿ. ಪೂರ್ತಿ ಕೂದಲು.

ಏನಾದ್ರೂ ಅನ್ನು. ಬೈಯಿ. ಹಡಗಲ್ಲಿ ಬೈಯ್ಯೋ ಹಾಗೆ ಬೈಯಿ, ಕೇಳಿಸ್ಕೋತೀನಿ. ಈ ಬೆಳಗ್ಗೆ ಆ ಗುಂಡಿ ಒತ್ತಿಬಿಟ್ಟಿದ್ರೆ ನಿಂಗೆ ಏನೂ ಗೊತ್ತಾಗ್ತಿರ್ಲಿಲ್ಲ, ಮನೆ ಬಾಗಿಲವರೆಗೂ. ಬೆರಳಿಟ್ಟಿದ್ದೆ ಕೂಡ. ಆಗ್ಲಿಲ್ಲ. ಎಲ್ಲಾದ್ರಲ್ಲೂ ಸುಳ್ಳು ಹೇಳಿದ್ದೆ, ಇದೊಂದರಲ್ಲಿ...

ಕುಯಾ, ಏನು ಮಾಡ್ತಿದ್ದೀಯ?

ಬೇಡ. ಬೆರಳು ತೆಗಿ ಅದರ ಮೇಲಿಂದ. ಪಾಳಿ ಮುಗೀತು, ಗೊತ್ತು ನಂಗೆ. ಸೊನ್ನೆ ಮಾಡಿ ಕೊಡೋದು ನಿಮ್ಮ ಹಡಗಿನ ಪದ್ಧತಿ, ಅದೂ ಗೊತ್ತು. ಆದ್ರೆ ಅವಳು ಆ ಸೀಟಲ್ಲಿ ಕೂತು ಹೋಗಿ ಬಂದ ಅಷ್ಟೂ ದಾರಿ ಇರೋದು ಅದೊಂದೇ ನಂಬರಲ್ಲಿ. ಬೇರೆಲ್ಲೂ ಇಲ್ಲ.

ಒತ್ತಬೇಡ, ಕುಯಾ.