ಮೂರನೇ ಬಾವುಟ

ಹಲೋ... ಯಾರು ಮಾತಾಡ್ತಿರೋದು?... ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಗಾಳಿ... ಹಾಂ, ಢಾಕಾ ಆಫೀಸಿನ ಫರ್ಹಾನಾ ಆಪಾನಾ? ಸಲಾಂ ಆಪಾ. ನಾನೇ, ಮೊತಾಲೆಬ್. ನಿಮ್ಮ ಸಂಸ್ಥೆ ಕಟ್ಟಿಸಿದ ಆಸರೆ ಕಟ್ಟಡದ ಮೆಟ್ಟಿಲ ಮೇಲಿದ್ದೀನಿ.

...ಗುರುವಾರದ ಅತಿಥಿಗಳಾ? ಅದು ಆಮೇಲೆ. ರೇಡಿಯೋ ಕೇಳಲಿಲ್ವಾ? ಬಿರುಗಾಳಿ ನಮ್ಮ ಕಡೆಗೇ ತಿರುಗಿದೆಯಂತೆ. ಮೂರನೇ ಬಾವುಟಾನೂ ಏರಿಸಿ ಆಯ್ತು. ಮೂರು ಕಂಡ್ರೆ ಮನೆ ಬಿಟ್ಟು ಇಲ್ಲಿಗೆ ಬರಬೇಕು, ಅಲ್ವಾ? ಯಾರೂ ಬಂದಿಲ್ಲ.

...ಇಲ್ಲ ಆಪಾ, ಒಬ್ಬರೂ ಇಲ್ಲ... ಕೂಗಿದೆ, ಮೈಕಲ್ಲಿ ಗಂಟಲು ಹೋಗೋ ತನಕ ಕೂಗಿದೆ. "ಇದು ಅಭ್ಯಾಸ ಅಲ್ಲ, ನಿಜವಾದ ಬಿರುಗಾಳಿ" ಅಂದೆ. ಹೋದ ಸಲ ಹಣ ಕೊಡೋ ವಿದೇಶಿ ಅತಿಥಿಗಳು ಕುರ್ಚಿ ಹಾಕ್ಕೊಂಡು ಅಭ್ಯಾಸ ನೋಡ್ತಿದ್ದಾಗಲೂ ಅದನ್ನೇ ಅಂದಿದ್ದೆನಲ್ಲ. ನೀವೇ ಹೇಳಿಕೊಟ್ಟ ಮಾತು. ಅದರ ಹಿಂದಿನ ಸಲವೂ ಅದೇ.

...ಏನಂತಾರೆ ಅಂದ್ರೆ? ಜೊಹುರಾ ನಾನಿ ಬಾಗಿಲಲ್ಲಿ ಮೀನು ಕೊಯ್ತಾ ಕೂತಿದ್ರು. "ಈ ಸಲ ಬಂದೋರಿಗೆ ಹಂಚೋದು ಕಿಚಡೀನೋ ಬಿಸ್ಕತ್ತೋ, ಮೊತಾಲೆಬ್? ಬಿಸ್ಕತ್ತಾದ್ರೆ ನನ್ನ ಕಾಲು ಏಳಲ್ಲ" ಅಂದ್ರು. ಓಣಿಯೆಲ್ಲ ನಕ್ಕಿತು. ನನಗೂ ನಗು ಬಂತು. ಆಮೇಲೆ ಹೊಳೆ ನೋಡಿದೆ. ಉಬ್ಬರ ಇಳಿಯೋ ಹೊತ್ತಲ್ಲಿ ನೀರು ಏರ್ತಾ ಇದೆ.

...ನಿಮ್ಮ ಮೇಲೆ ಸಿಟ್ಟಿಲ್ಲ ಆಪಾ. ಅತಿಥಿಗಳು ಬಂದು ನೋಡದೆ ಈ ಕಟ್ಟಡ ಏಳ್ತಿರಲಿಲ್ಲ, ಗೊತ್ತು. ಸಮುದ್ರ ಬಿಸಿಯಾಗಿದೆ, ಇನ್ಮೇಲೆ ಇಂಥ ಗಾಳಿ ಮೇಲಿಂದ ಮೇಲೆ ಬರುತ್ತೆ ಅಂತ ಪಾಠ ಹೇಳಿದವರೂ ನೀವೇ. ನಾನು ಚಿಕ್ಕವನಿದ್ದಾಗ ಇಲ್ಲಿ ಏನಿತ್ತು? ಇಂಥದೇ ಬಿರುಗಾಳಿಯ ರಾತ್ರಿ ಅಪ್ಪ ನನ್ನನ್ನ ಅಮ್ಮನ ಸೀರೆಯಿಂದ ಹುಣಸೆಮರಕ್ಕೆ ಕಟ್ಟಿ, ಬೆಳಗಾಗೋವರೆಗೂ ಪದ ಹೇಳ್ತಾ ನಿಂತಿದ್ರು. ಅಮ್ಮನನ್ನ ಕಟ್ಟೋಕೆ ಇನ್ನೊಂದು ಸೀರೆ ಇರಲಿಲ್ಲ.

...ಹಾಂ?... ಇಲ್ಲ, ಅಳ್ತಿಲ್ಲ. ದಣಿದಿದ್ದೀನಿ, ಅಷ್ಟೇ. ಈಗ ಕಟ್ಟಡ ಇದೆ, ಮೈಕಿದೆ, ಬಾವುಟ ಇದೆ. ಬರೋರಿಲ್ಲ.

...ಒಂದು ದಾರಿ ಉಳಿದಿತ್ತು. ಮಸೀದಿಗೆ ಹೋಗಿ ಇಮಾಮ್ ಸಾಹೇಬರನ್ನ ಬೇಡ್ಕೊಂಡು ಬಂದೆ. ಹೊತ್ತಲ್ಲದ ಹೊತ್ತಲ್ಲಿ ಅಜಾನ್ ಕೊಡ್ತೀನಿ ಅಂದಿದ್ದಾರೆ. ನಮ್ಮಲ್ಲಿ ಅದು ಪ್ರಾಣಕ್ಕೆ ಬಂದಾಗ ಮಾತ್ರ. ಯಾವ ಅತಿಥಿಯ ಮುಂದೂ ಅದನ್ನ ಕೂಗಿಲ್ಲ.

...ತಡೀರಿ... ಕೇಳಿಸ್ತಾ?... ಹಾಂ, ಅದೇ. ಅಲ್ಲಾಹ್... ನಾನಿ ಎದ್ರು, ಆಪಾ. ಇಲ್ಲಿಂದ ಕಾಣ್ತಾ ಇದೆ. ಮೀನು ಅಲ್ಲೇ ಬಿಟ್ರು. ಆಡಿನ ಹಗ್ಗ ಬಿಚ್ತಿದ್ದಾರೆ. ಪಕ್ಕದ ಮನೆಯವರೂ ಹೊರಗೆ ಬಂದ್ರು, ಮಕ್ಕಳನ್ನ ಎತ್ಕೊಂಡು...

...ಏನಂದ್ರಿ?... ಹೌದು, ಕೇಳೋಕೆ ಚೆನ್ನಾಗೇ ಇರುತ್ತೆ... ಮುಂದಿನ ಸಲ? ಅತಿಥಿಗಳ ಮುಂದೆ ಇಮಾಮ್ ಸಾಹೇಬರು ಇದನ್ನೇ...?

...ಬೇಡ ಆಪಾ. ಅವರಿಗೆ ತೋರಿಸೋಕೆ ಬಾವುಟ ತಗೊಳ್ಳಿ, ಮೈಕ್ ತಗೊಳ್ಳಿ. ಕುಣಿ ಅಂದ್ರೆ ಈ ವಯಸ್ಸಲ್ಲೂ ಕುಣೀತೀನಿ. ಇದೊಂದನ್ನ ಮಾತ್ರ ಕೇಳ್ಬೇಡ...

ಹಲೋ?... ಆಪಾ, ಕೇಳಿಸ್ತಾ?... ಹಲೋ...